ವಾಹನಕ್ಕೂ ಕಚ್ಚಾ ದಾರಿಗೂ ಒಂದೇ ಕೈ ಜಿಪಿಎಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಡಾಂಬರು ರಸ್ತೆಯಲ್ಲಿ ವಾಹನ ಓಡಿಸುವಾಗಲೂ, ಡಾಂಬರು ಮುಗಿದು ಕಾಡು, ಮರಳು, ಬೆಟ್ಟಗಳ ಜಾಡು ಹಿಡಿದಾಗಲೂ ಒಂದೇ ಸಾಧನ ಕೆಲಸಕ್ಕೆ ಬರಬೇಕೆಂದು ಬಯಸುವವರು ಮಾತಿನಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಸುಲಭವಾದವು ಮೊದಲು ಬಂದಿವೆ, ಸೂಕ್ಷ್ಮವಾದವು ಕೊನೆಯಲ್ಲಿವೆ. ಯಾವ ಉತ್ತರವನ್ನು ಬೇಕಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲು ತಿಳಿದಿರಬೇಕಾದವು

ಫೋನಿನಲ್ಲೇ ಮ್ಯಾಪ್ ಇರುವಾಗ ಇನ್ನೊಂದು ಸಾಧನ ಯಾಕೆ ಬೇಕು?

ಪ್ರಯಾಣವೆಲ್ಲ ಪಕ್ಕಾ ರಸ್ತೆಯಲ್ಲೇ ನಡೆಯುವುದಾದರೆ ಬೇಕಾಗಿಲ್ಲ. ವಾಹನ ದಟ್ಟಣೆ, ಮುಚ್ಚಿದ ರಸ್ತೆ, ಹೊಸದಾಗಿ ತೆರೆದ ಪೆಟ್ರೋಲ್ ಬಂಕ್ ಮೊದಲಾದವುಗಳ ವಿಷಯದಲ್ಲಿ ಫೋನ್ ಯಾವುದೇ ಕೈ ಜಿಪಿಎಸ್‌ಗಿಂತ ಮುಂದಿದೆ, ಏಕೆಂದರೆ ಆ ಮಾಹಿತಿ ಇಂಟರ್‌ನೆಟ್ ಮೂಲಕ ಆಗಿಂದಾಗ್ಗೆ ಬರುತ್ತಿರುತ್ತದೆ. ನೆಟ್‌ವರ್ಕ್ ಮತ್ತು ಡಾಂಬರು ಎರಡೂ ಮುಗಿದ ಮೇಲೆ ಲೆಕ್ಕಾಚಾರ ಬದಲಾಗುತ್ತದೆ. ಬಿಸಿಲಿಗೆ ಕಾದ ಡ್ಯಾಷ್‌ಬೋರ್ಡಿನ ಮೇಲೆ ಫೋನ್ ತನ್ನನ್ನು ಕಾಪಾಡಿಕೊಳ್ಳಲು ಪರದೆಯನ್ನು ಮಂಕಾಗಿಸುತ್ತದೆ, ಇಲ್ಲವೇ ಪೂರ್ತಿ ಆರಿಹೋಗುತ್ತದೆ. ಒದ್ದೆ ಬೆರಳಿಗೆ, ಕೈಗವಸಿಗೆ ಅದು ಸರಿಯಾಗಿ ಸ್ಪಂದಿಸುವುದಿಲ್ಲ. ಇಡೀ ದಿನ ನಕ್ಷೆ ತೋರಿಸುತ್ತ ಕುಳಿತರೆ ಸಂಜೆಯ ಹೊತ್ತಿಗೆ ಚಾರ್ಜು ಮುಗಿದಿರುತ್ತದೆ, ಮತ್ತು ತುರ್ತು ಕರೆ ಮಾಡಲು ಇಟ್ಟುಕೊಳ್ಳಬೇಕಾದ ಚಾರ್ಜೂ ಅದೇ. ಪ್ರತ್ಯೇಕ ಸಾಧನ ಕೊಳ್ಳಲು ನನ್ನ ಮಟ್ಟಿಗೆ ಇದೇ ಅತ್ಯಂತ ಗಟ್ಟಿಯಾದ ಕಾರಣ: ದಾರಿ ತೋರಿಸುವ ಕೆಲಸವೂ ಸಹಾಯ ಕೇಳುವ ಕೆಲಸವೂ ಒಂದೇ ಬ್ಯಾಟರಿಯ ಮೇಲೆ ನಿಂತಿರಬಾರದು.

ಟವರ್ ಸಿಗದ ಕಡೆ ಜಿಪಿಎಸ್ ಕೆಲಸ ಮಾಡುತ್ತದೆಯೇ? ತಿಂಗಳು ತಿಂಗಳು ಹಣ ಕಟ್ಟಬೇಕೇ?

ಕೆಲಸ ಮಾಡುತ್ತದೆ, ಹಣ ಕಟ್ಟಬೇಕಾಗಿಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತ ಸಮಯದ ಸಂಕೇತಗಳನ್ನು ಕಳಿಸುತ್ತಿರುತ್ತವೆ. ಕೈಯಲ್ಲಿರುವ ಸಾಧನ ಅವನ್ನು ಕೇಳಿಸಿಕೊಳ್ಳುತ್ತದೆಯೇ ಹೊರತು ತಾನೇನನ್ನೂ ಕಳಿಸುವುದಿಲ್ಲ. ಸಂಕೇತ ತಲುಪಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕ ಹಾಕಿ, ಕನಿಷ್ಠ ನಾಲ್ಕು ಉಪಗ್ರಹಗಳ ದೂರ ಸಿಕ್ಕಿದಾಗ ಅದು ಅಕ್ಷಾಂಶ, ರೇಖಾಂಶ ಮತ್ತು ಎತ್ತರವನ್ನು ಕಂಡುಕೊಳ್ಳುತ್ತದೆ. ನಾಲ್ಕನೆಯದು ಸಾಧನದ ಅಗ್ಗದ ಗಡಿಯಾರದ ತಪ್ಪನ್ನು ತಿದ್ದಿಕೊಳ್ಳಲು ಬೇಕು. ಆದರೆ ಜಾಗ ಗೊತ್ತಾಗುವುದು ಬೇರೆ, ಆ ಜಾಗ ನಕ್ಷೆಯ ಮೇಲೆ ಕಾಣುವುದು ಬೇರೆ. ನಕ್ಷೆ ಸಾಧನದ ಒಳಗೆ ಮೊದಲೇ ಇರಬೇಕು. ಇಲ್ಲದಿದ್ದರೆ ಖಾಲಿ ಪರದೆಯ ನಡುವೆ ಒಂದು ಬಾಣದ ಗುರುತು ಮಾತ್ರ ಕಾಣುತ್ತದೆ.

ಆನ್ ಮಾಡಿ ಎಷ್ಟು ಹೊತ್ತಾದರೂ ಜಾಗ ತೋರಿಸುವುದಿಲ್ಲವಲ್ಲ, ಕೆಟ್ಟಿದೆಯೇ?

ಬಹುಮಟ್ಟಿಗೆ ಕೆಟ್ಟಿರುವುದಿಲ್ಲ. ಪ್ರತಿ ಉಪಗ್ರಹವೂ ತನ್ನ ಕಕ್ಷೆಯ ನಿಖರ ವಿವರವನ್ನು 30 ಸೆಕೆಂಡಿಗೊಮ್ಮೆ ಪುನರಾವರ್ತಿಸುತ್ತದೆ. ಎಲ್ಲ ಉಪಗ್ರಹಗಳ ಸ್ಥೂಲ ಪಟ್ಟಿ ಪೂರ್ತಿಯಾಗಿ ಬರಲು ಹನ್ನೆರಡೂವರೆ ನಿಮಿಷ ಹಿಡಿಯುತ್ತದೆ. ಸಾಧನವನ್ನು ತಿಂಗಳುಗಟ್ಟಲೆ ಆರಿಸಿಟ್ಟಿದ್ದರೆ, ಅಥವಾ ಆರಿಸಿದ ಮೇಲೆ ನೂರಾರು ಕಿಲೋಮೀಟರ್ ದೂರಕ್ಕೆ ಒಯ್ದಿದ್ದರೆ ಅದಕ್ಕೆ ಈ ವಿವರಗಳು ಹೊಸದಾಗಿ ಬೇಕಾಗುತ್ತವೆ. ಫೋನಿಗೆ ಇವೆಲ್ಲ ಮೊಬೈಲ್ ಜಾಲದಿಂದ ಒಂದೇ ಕ್ಷಣದಲ್ಲಿ ಸಿಗುವುದರಿಂದ ಫೋನ್ ಚುರುಕಾಗಿ ಕಾಣುತ್ತದೆ. ಹೊರಡುವ ಮುಂಚೆ ತೆರೆದ ಆಕಾಶದ ಕೆಳಗೆ ಸಾಧನವನ್ನು ಅಲುಗಾಡಿಸದೆ ಕಾಲು ಗಂಟೆ ಇಟ್ಟರೆ ಈ ತೊಂದರೆ ತೀರುತ್ತದೆ.

ತೋರಿಸುವ ಜಾಗ ಎಷ್ಟು ನಿಖರ?

ತೆರೆದ ಬಯಲಿನಲ್ಲಿ ಮೂರರಿಂದ ಐದು ಮೀಟರಿನಷ್ಟು. ಅಮೆರಿಕದ ಸರ್ಕಾರ ನಾಗರಿಕ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸುವವರೆಗೆ ತಪ್ಪು ನೂರು ಮೀಟರಿನವರೆಗೂ ಇರುತ್ತಿತ್ತು. ಇಂದು ದೋಷ ಹೆಚ್ಚಾಗಲು ಕಾರಣ ಸುತ್ತಲಿನ ನೆಲ: ದಟ್ಟ ಮರ, ಕಡಿದಾದ ಕಣಿವೆ, ಎತ್ತರದ ಕಟ್ಟಡ. ಪರದೆಯ ಮೇಲೆ ಕಾಣುವ ನಿಖರತೆಯ ಅಂಕಿ ಸಾಧನದ ಅಂದಾಜು ಮಾತ್ರ. ನಿಜವಾದ ತಪ್ಪು ಅದಕ್ಕಿಂತ ಹೆಚ್ಚಿರುವ ಸಂದರ್ಭಗಳು ಅಪರೂಪವೇನಲ್ಲ.

## ಸಾಧನದ ಆಯ್ಕೆ

ಕಾರಿಗೆಂದೇ ಬರುವ ಜಿಪಿಎಸ್ ತೆಗೆದುಕೊಳ್ಳಲೋ, ಚಾರಣಿಗರು ಒಯ್ಯುವಂಥದ್ದು ತೆಗೆದುಕೊಳ್ಳಲೋ?

ಅತಿ ಹೆಚ್ಚು ಬಾರಿ ಕೇಳಿಬರುವ ಪ್ರಶ್ನೆ ಇದು. ಉತ್ತರ ಸಾಧನದ ಗುಣಪಟ್ಟಿಯಲ್ಲಿ ಸಿಗುವುದಿಲ್ಲ. ನೀವು ದಾರಿ ಕೇಳುವ ಬಗೆಯಲ್ಲಿ ಸಿಗುತ್ತದೆ.

ಕಾರಿನ ಸಾಧನ ರಸ್ತೆಗಳ ಜಾಲವನ್ನು ಆಧರಿಸಿ ಯೋಚಿಸುತ್ತದೆ. ವಿಳಾಸ ಕೊಟ್ಟರೆ ರಸ್ತೆಯಿಂದ ರಸ್ತೆಗೆ ಜೋಡಿಸಿ, ಧ್ವನಿಯಲ್ಲಿ ತಿರುವುಗಳನ್ನು ಹೇಳುತ್ತ, ಐದಾರು ಅಂಗುಲದ ಪರದೆಯಲ್ಲಿ ತೋರಿಸುತ್ತದೆ. ನಕ್ಷೆಯಲ್ಲಿ ರಸ್ತೆಯೇ ಇಲ್ಲದ ಕಡೆ ಅದಕ್ಕೆ ಹೇಳಲು ಏನೂ ಉಳಿಯುವುದಿಲ್ಲ. ಅದರ ಬ್ಯಾಟರಿ ವಾಹನದ ಹೊರಗೆ ಗಂಟೆಗಳ ಲೆಕ್ಕದಲ್ಲಷ್ಟೇ ಬಾಳುತ್ತದೆ, ಮಳೆಯನ್ನು ತಡೆಯುವಂತೆ ಅದನ್ನು ಮಾಡಿರುವುದೂ ಕಡಿಮೆ. ಚಾರಣದ ಕೈ ಜಿಪಿಎಸ್ ನೆಲವನ್ನು ಆಧರಿಸಿ ಯೋಚಿಸುತ್ತದೆ. ಬಂದ ದಾರಿಯನ್ನು ದಾಖಲಿಸುತ್ತದೆ, ಗುರುತು ಹಾಕಿದ ಜಾಗದ ದಿಕ್ಕು ಮತ್ತು ದೂರ ಹೇಳುತ್ತದೆ, ಕೆಸರಿಗೆ ಬಿದ್ದರೆ ತೊಳೆದು ಮತ್ತೆ ಬಳಸಬಹುದು. ಆದರೆ ಎರಡೂಕಾಲು ಅಂಗುಲದ ಪರದೆಯನ್ನು ಸ್ಟಿಯರಿಂಗ್ ಹಿಡಿದವರು ಓದಲಾರರು. ಇವುಗಳಲ್ಲಿ ಹೆಚ್ಚಿನವಕ್ಕೆ ಧ್ವನಿಯೂ ಇಲ್ಲ. ತಿರುವು ಬಂದಾಗ ಒಂದು ಕೀಕು ಸದ್ದು ಮಾಡಿ ಸುಮ್ಮನಾಗುತ್ತವೆ.

ಇವೆರಡರ ನಡುವೆ ದೊಡ್ಡ ಪರದೆಯ, ನೀರು ತಡೆಯುವ, ಬೇಕಾದಾಗ ವಾಹನದ ಹಿಡಿಕೆಯಿಂದ ಕಿತ್ತು ಕೈಯಲ್ಲಿ ಹಿಡಿದು ನಡೆಯಬಹುದಾದ ಮೂರನೆಯ ವರ್ಗವೊಂದಿದೆ. ಗಾರ್ಮಿನ್ ಕಂಪನಿಯ ಮೊಂಟಾನ 700 ಸರಣಿ ಈ ವರ್ಗಕ್ಕೆ ಒಳ್ಳೆಯ ಉದಾಹರಣೆ: ಐದು ಅಂಗುಲದ ಸ್ಪರ್ಶ ಪರದೆ, ಚಾರ್ಜ್ ಮಾಡುವ ಬ್ಯಾಟರಿ, ರಸ್ತೆಯ ಮತ್ತು ನೆಲದ ಎರಡೂ ಬಗೆಯ ನಕ್ಷೆಗಳನ್ನು ತುಂಬಿಕೊಳ್ಳುವ ಅನುಕೂಲ. ಇದು ಭಾರ, ದುಬಾರಿ, ಬೆನ್ನುಚೀಲದ ಪಟ್ಟಿಗೆ ನೇತುಹಾಕಲು ಒಗ್ಗದ್ದು. ವಾಹನದಲ್ಲೇ ಹೆಚ್ಚು ಹೊತ್ತು ಕಳೆದು, ಆಗಾಗ ಇಳಿದು ನಡೆಯುವವರಿಗೆ ನಾನು ಇದನ್ನೇ ಹೇಳುತ್ತೇನೆ. ಹೆಚ್ಚು ನಡೆದು, ಆಗಾಗ ವಾಹನ ಓಡಿಸುವವರು ಚಿಕ್ಕ ಕೈ ಜಿಪಿಎಸ್ ಕೊಂಡು ಪಕ್ಕಾ ರಸ್ತೆಯ ಭಾಗವನ್ನು ಫೋನಿಗೆ ಬಿಡುವುದು ಜಾಣತನ. ಒಂದೇ ಸಾಧನ ಬೇಕೆಂಬ ಆಸೆಯನ್ನು ಅಲ್ಲಿ ಸ್ವಲ್ಪ ಸಡಿಲಿಸಬೇಕಾಗುತ್ತದೆ.

ಟಚ್ ಸ್ಕ್ರೀನ್ ಒಳ್ಳೆಯದೋ, ಗುಂಡಿ ಒಳ್ಳೆಯದೋ?

ನಕ್ಷೆಯನ್ನು ಅತ್ತಿತ್ತ ಸರಿಸಿ ನೋಡಲು, ಹೆಸರು ಬರೆಯಲು ಸ್ಪರ್ಶ ಪರದೆಯಷ್ಟು ಸಲೀಸು ಬೇರೆ ಇಲ್ಲ. ಕುಲುಕುವ ವಾಹನದಲ್ಲಿ, ಮಳೆಯಲ್ಲಿ, ದಪ್ಪ ಕೈಗವಸಿನಲ್ಲಿ ಗುಂಡಿಯೇ ಮೇಲು, ಏಕೆಂದರೆ ಬೆರಳು ನೋಡದೆಯೇ ಅದನ್ನು ಹುಡುಕಿಕೊಳ್ಳುತ್ತದೆ. ಪರದೆಯ ಅಳತೆಗಿಂತಲೂ ಮುಖ್ಯವಾದದ್ದು ಅದರ ಬಗೆ. ಒಳ್ಳೆಯ ಕೈ ಜಿಪಿಎಸ್‌ಗಳ ಪರದೆ ಹೊರಗಿನ ಬೆಳಕನ್ನೇ ಪ್ರತಿಫಲಿಸಿ ಹೊಳೆಯುವಂಥದ್ದು. ಬಿಸಿಲು ಹೆಚ್ಚಿದಷ್ಟೂ ಸ್ಪಷ್ಟವಾಗಿ ಕಾಣುತ್ತದೆ, ಹಗಲಿನಲ್ಲಿ ಹಿಂಬೆಳಕೇ ಬೇಡವಾದ್ದರಿಂದ ಬ್ಯಾಟರಿಯೂ ಉಳಿಯುತ್ತದೆ. ಅಂಗಡಿಯ ಒಳಗಿನ ದೀಪದಲ್ಲಿ ಇಂಥ ಪರದೆ ಮಂಕಾಗಿ ಕಾಣುವುದರಿಂದ ಹಲವರು ಅದನ್ನು ಬಿಟ್ಟು ಫೋನಿನಂತೆ ಹೊಳೆಯುವ ಪರದೆಯನ್ನು ಆರಿಸಿಬಿಡುತ್ತಾರೆ. ಕೊಳ್ಳುವ ಮುಂಚೆ ಹೊರಗೆ ಬಿಸಿಲಿಗೆ ತಂದು ನೋಡಲೇಬೇಕು.

ಸಾಮಾನ್ಯ ಸೆಲ್ಲು ಹಾಕುವುದು ವಾಸಿಯೋ, ಚಾರ್ಜ್ ಮಾಡುವುದು ವಾಸಿಯೋ?

ವಾಹನದ ಜೊತೆಗೇ ಇರುವವರಿಗೆ ಒಳಗೇ ಇರುವ ಲಿಥಿಯಂ ಬ್ಯಾಟರಿ ಸಾಕು. ದಿನಗಟ್ಟಲೆ ವಾಹನದಿಂದ ದೂರ ಉಳಿಯುವವರಿಗೆ ಎಲ್ಲೆಡೆ ಸಿಗುವ ಎಎ ಸೆಲ್ಲು ಹಾಕುವ ಸಾಧನ ಹೆಚ್ಚು ನೆಮ್ಮದಿ. ಗಾರ್ಮಿನ್ ಇಟ್ರೆಕ್ಸ್ 32ಎಕ್ಸ್ ಎರಡು ಎಎ ಸೆಲ್ಲಿನಲ್ಲಿ 25 ಗಂಟೆ ನಡೆಯುತ್ತದೆಂದು ತಯಾರಕರು ಹೇಳುತ್ತಾರೆ. ಒಳಗೇ ಬ್ಯಾಟರಿ ಇರುವ ಜಿಪಿಎಸ್‌ಮ್ಯಾಪ್ 67ಕ್ಕೆ ಅವರು ಕೊಡುವ ಅಂಕಿ 180 ಗಂಟೆ. ಇಂಥ ಅಂಕಿಗಳನ್ನು ಹಿಂಬೆಳಕು ಆರಿಸಿ ಅಳೆದದ್ದೆಂದು ತಿಳಿದು, ಯೋಜನೆಗೆ ಅರ್ಧವನ್ನಷ್ಟೇ ನಂಬಿ.

ಮರುಚಾರ್ಜ್ ಆಗುವ ನಿಕಲ್ ಸೆಲ್ಲಿನ ಒತ್ತಡ 1.2 ವೋಲ್ಟ್, ಸಾಮಾನ್ಯ ಆಲ್ಕಲೈನ್ ಸೆಲ್ಲಿನದು 1.5. ಸಾಧನದ ಸೆಟ್ಟಿಂಗಿನಲ್ಲಿ ಸೆಲ್ಲಿನ ಬಗೆಯನ್ನು ಸರಿಯಾಗಿ ಆರಿಸದಿದ್ದರೆ, ತುಂಬಿದ ನಿಕಲ್ ಸೆಲ್ಲನ್ನೂ ಅದು ಅರ್ಧ ಖಾಲಿಯೆಂದು ತೋರಿಸುತ್ತದೆ. ಹಿಮದ ಚಳಿಯಲ್ಲಿ ಆಲ್ಕಲೈನ್ ಬೇಗ ಕುಸಿಯುತ್ತದೆ. ಅಲ್ಲಿ ಮರುಚಾರ್ಜ್ ಆಗದ ಲಿಥಿಯಂ ಎಎ ಸೆಲ್ಲು ಬಳಸಬೇಕು. ಸಾಧನವನ್ನು ತಿಂಗಳುಗಟ್ಟಲೆ ಎತ್ತಿಡುವಾಗ ಆಲ್ಕಲೈನ್ ಸೆಲ್ಲುಗಳನ್ನು ತೆಗೆದಿಡಿ. ಅವು ಸೋರಿದರೆ ಒಳಗಿನ ಸಂಪರ್ಕಗಳು ತುಕ್ಕು ಹಿಡಿಯುತ್ತವೆ.

ವಾಟರ್‌ಪ್ರೂಫ್ ಎಂದು ಬರೆದಿರುವುದನ್ನು ನಂಬಬಹುದೇ?

ಜೊತೆಗಿರುವ ಸಂಕೇತವನ್ನು ಓದಿ. ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದರೂ ಹಾನಿಯಾಗಬಾರದು ಎಂಬ ಮಟ್ಟ. ನಡುವಿನ ಎಕ್ಸ್ ಧೂಳಿನ ಪರೀಕ್ಷೆಯ ಮಟ್ಟವನ್ನು ಹೇಳಿಲ್ಲ ಎಂಬುದರ ಗುರುತು. ಮರಳಿನ ಪ್ರದೇಶಕ್ಕೆ ಹೋಗುವವರು ಐಪಿ67 ಎಂದು ಧೂಳಿಗೂ ಅಂಕಿ ಇರುವುದನ್ನು ಹುಡುಕಲಿ. ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳ ಸರಿಯಾಗಿ ಕೂತಿರದಿದ್ದರೆ ಯಾವ ಸಂಕೇತವೂ ಕಾಪಾಡದು.

ಗ್ಲೋನಾಸ್, ಗೆಲಿಲಿಯೊ, ಮಲ್ಟಿಬ್ಯಾಂಡ್ ಎಂದೆಲ್ಲ ಹೇಳುತ್ತಾರೆ. ಇವಕ್ಕೆ ಹೆಚ್ಚು ಹಣ ಕೊಡಬೇಕೇ?

ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, 2020ರಲ್ಲಿ ಜಾಗತಿಕ ಜಾಲ ಪೂರ್ಣಗೊಂಡ ಚೀನಾದ ಬೇಡೌ ಇವೆ. ಭಾರತದ ನಾವಿಕ್ ಮತ್ತು ಜಪಾನಿನ ಕ್ಯೂಝಡ್‌ಎಸ್‌ಎಸ್ ತಮ್ಮ ಭೂಭಾಗಗಳಿಗೆ ಸೀಮಿತವಾಗಿವೆ. ಹೆಚ್ಚು ಜಾಲಗಳನ್ನು ಕೇಳಿಸಿಕೊಳ್ಳಬಲ್ಲ ಸಾಧನಕ್ಕೆ, ಬೆಟ್ಟ ಅರ್ಧ ಆಕಾಶವನ್ನು ಮುಚ್ಚಿದಾಗಲೂ ಉಳಿದರ್ಧದಲ್ಲಿ ಸಾಕಷ್ಟು ಉಪಗ್ರಹ ಸಿಗುತ್ತವೆ. ಇಂದಿನ ಸಾಧಾರಣ ಮಾದರಿಗಳಲ್ಲೂ ಎರಡು ಮೂರು ಜಾಲಗಳಿರುವುದರಿಂದ ಇದಕ್ಕಾಗಿ ಪ್ರತ್ಯೇಕವಾಗಿ ಹಣ ಕೊಡುವ ಅಗತ್ಯ ಬೀಳುವುದಿಲ್ಲ.

ಎರಡು ಆವರ್ತನಗಳನ್ನು ಹಿಡಿಯುವ ಮಲ್ಟಿಬ್ಯಾಂಡ್ ವಿಚಾರ ಬೇರೆ. ಹಳೆಯ ಎಲ್1 ಸಂಕೇತ 1575.42 ಮೆಗಾಹರ್ಟ್ಸ್‌ನಲ್ಲಿ ಬಂದರೆ, ಹೊಸ ಎಲ್5 ಸಂಕೇತ 1176.45 ಮೆಗಾಹರ್ಟ್ಸ್‌ನಲ್ಲಿ ಹತ್ತು ಪಟ್ಟು ವೇಗದ ಸಂಕೇತಮಾಲೆಯೊಂದಿಗೆ ಬರುತ್ತದೆ. ಬಂಡೆಗೋ ಕಟ್ಟಡಕ್ಕೋ ಬಡಿದು ತಡವಾಗಿ ಬಂದ ಪ್ರತಿಧ್ವನಿಯನ್ನು ನೇರ ಸಂಕೇತದಿಂದ ಬೇರ್ಪಡಿಸುವುದು ಇದರಿಂದ ಸುಲಭವಾಗುತ್ತದೆ. ಆಳವಾದ ಕಣಿವೆ, ದಟ್ಟ ಕಾಡುಗಳಲ್ಲಿ ನಡೆಯುವವರಿಗೆ ಇದು ಬೆಲೆಗೆ ತಕ್ಕ ಸೌಲಭ್ಯ. ಬಯಲಿನಲ್ಲಿ ವಾಹನ ಓಡಿಸುವವರಿಗೆ ಅದರ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ಆ ಹಣವನ್ನು ಒಳ್ಳೆಯ ನಕ್ಷೆಗೆ, ಗಟ್ಟಿ ಹಿಡಿಕೆಗೆ ಹಾಕುವುದು ಮೇಲು.

ದಿಕ್ಸೂಚಿ, ವಾಯುಭಾರಮಾಪಕ ಇರುವ ಮಾದರಿಯೇ ಬೇಕೇ?

ಉಪಗ್ರಹದ ಮಾಹಿತಿಯಿಂದ ದಿಕ್ಕು ಗೊತ್ತಾಗಬೇಕಾದರೆ ನೀವು ಚಲಿಸುತ್ತಿರಬೇಕು. ನಿಂತಲ್ಲೇ ಉತ್ತರ ಯಾವ ಕಡೆ ಎಂದು ತಿಳಿಯಲು ಕಾಂತೀಯ ದಿಕ್ಸೂಚಿ ಬೇಕು. ಮಂಜಿನಲ್ಲಿ ಕಾಲುದಾರಿ ಕವಲೊಡೆಯುವ ಜಾಗದಲ್ಲಿ ಇದರ ಬೆಲೆ ತಿಳಿಯುತ್ತದೆ. ವಾಹನದ ಒಳಗೆ ಸುತ್ತಲಿನ ಕಬ್ಬಿಣ ಅದನ್ನು ದಾರಿ ತಪ್ಪಿಸುತ್ತದೆ, ಆದ್ದರಿಂದ ಅಲ್ಲಿ ಅದನ್ನು ಆರಿಸಿಬಿಡಬಹುದು. ಸೆಲ್ಲು ಬದಲಿಸಿದಾಗಲೆಲ್ಲ ದಿಕ್ಸೂಚಿಯನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕು.

ಉಪಗ್ರಹದಿಂದ ಸಿಗುವ ಎತ್ತರದಲ್ಲಿ ದೋಷ ಅಡ್ಡದ ದೋಷಕ್ಕಿಂತ ಹೆಚ್ಚು, ಏಕೆಂದರೆ ಎಲ್ಲ ಉಪಗ್ರಹಗಳೂ ನಮ್ಮ ತಲೆಯ ಮೇಲ್ಭಾಗದಲ್ಲೇ ಇರುತ್ತವೆ, ಕೆಳಗಿನಿಂದ ಅಳೆಯುವವು ಯಾವುವೂ ಇಲ್ಲ. ವಾಯುಭಾರ ಸಮುದ್ರಮಟ್ಟದ ಹತ್ತಿರ ಸುಮಾರು ಎಂಟು ಮೀಟರಿಗೆ ಒಂದು ಹೆಕ್ಟೊಪ್ಯಾಸ್ಕಲ್‌ನಂತೆ ಇಳಿಯುವುದರಿಂದ ಏರಿಳಿತವನ್ನು ವಾಯುಭಾರಮಾಪಕ ಹೆಚ್ಚು ನಯವಾಗಿ ಹಿಡಿಯುತ್ತದೆ. ಹವೆ ಬದಲಾದರೂ ಅಂಕಿ ಜಾರುತ್ತದೆ. ಎತ್ತರ ಗೊತ್ತಿರುವ ಜಾಗ ಸಿಕ್ಕಾಗಲೆಲ್ಲ ಸರಿಪಡಿಸಿಕೊಳ್ಳಬೇಕು. ಬೆಟ್ಟ ಹತ್ತುವವರಿಗೆ ಇದು ಬೇಕು, ಉಳಿದವರಿಗೆ ಇದ್ದರೆ ಒಳ್ಳೆಯದು.

ಹಳೆಯ ಸಾಧನ ಕಡಿಮೆ ಬೆಲೆಗೆ ಸಿಗುತ್ತಿದೆ, ಕೊಳ್ಳಲೇ?

ಮೊದಲು ಅದು ತೋರಿಸುವ ದಿನಾಂಕ ನೋಡಿ. ಜಿಪಿಎಸ್ ತನ್ನ ಮೂಲ ಸಂಕೇತದಲ್ಲಿ ವಾರಗಳನ್ನು 1,024ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಮರಳುತ್ತದೆ. ಹಾಗೆ ಮರಳಿದ್ದು 1999ರ ಆಗಸ್ಟಿನಲ್ಲಿ ಮತ್ತು 2019ರ ಏಪ್ರಿಲಿನಲ್ಲಿ. ತಂತ್ರಾಂಶ ನವೀಕರಿಸದ ಹಳೆಯ ಸಾಧನಗಳು ಇದರಿಂದಾಗಿ ಸುಮಾರು ಇಪ್ಪತ್ತು ವರ್ಷ ಹಿಂದಿನ ದಿನಾಂಕ ತೋರಿಸುತ್ತವೆ. ಜಾಗವನ್ನು ಸರಿಯಾಗಿ ಹೇಳಿದರೂ ಅವು ದಾಖಲಿಸಿದ ಜಾಡಿನ ದಿನಾಂಕಗಳು ಕೆಲಸಕ್ಕೆ ಬಾರವು. ನಂತರ ಸೆಲ್ಲಿನ ಗೂಡಿನಲ್ಲಿ ಹಸಿರು ತುಕ್ಕು ಇದೆಯೇ, ರಬ್ಬರ್ ಗುಂಡಿಗಳು ಅಂಟಂಟಾಗಿವೆಯೇ, ಮೆಮೊರಿ ಕಾರ್ಡ್ ಹಾಕುವ ಕಿಂಡಿ ಇದೆಯೇ ನೋಡಿ. ಕಾರ್ಡ್ ಕಿಂಡಿಯೇ ಇಲ್ಲದ, ಹೊಸ ನಕ್ಷೆ ಸೇರಿಸಲಾಗದ ಸಾಧನ ಎಷ್ಟು ಅಗ್ಗವಾದರೂ ಬೇಡ.

## ನಕ್ಷೆಗಳು

ಸಾಧನದ ಜೊತೆಗೇ ಬರುವ ಮ್ಯಾಪ್ ಸಾಕಾಗುವುದಿಲ್ಲವೇ?

ಅನೇಕ ಸಾಧನಗಳಲ್ಲಿ ಮೊದಲೇ ಇರುವುದು ಹೆದ್ದಾರಿ ಮತ್ತು ದೊಡ್ಡ ಊರುಗಳನ್ನಷ್ಟೇ ತೋರಿಸುವ ಸ್ಥೂಲ ನಕ್ಷೆ. ಗಾರ್ಮಿನ್ ಇಟ್ರೆಕ್ಸ್ ಎಸ್‌ಇಯಂಥ ಕೆಲವು ಮಾದರಿಗಳ ಒಳಗೆ ನಕ್ಷೆಯೇ ಇರುವುದಿಲ್ಲ. ಸಾಧನ ಆರಿಸುವ ಮುಂಚೆ ನಕ್ಷೆ ಆರಿಸಿ ಎಂದು ನಾನು ಒತ್ತಿ ಹೇಳುತ್ತೇನೆ. ನೀವು ಹೋಗುವ ಪ್ರದೇಶದ ಕಚ್ಚಾ ದಾರಿ, ಹೊಳೆ, ಕಾಂಟೂರ್ ರೇಖೆಗಳು (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ಯಾವ ನಕ್ಷೆಯಲ್ಲಿ ಚೆನ್ನಾಗಿವೆಯೆಂದು ಮೊದಲು ಕಂಪ್ಯೂಟರಿನಲ್ಲಿ ನೋಡಿ, ಆಮೇಲೆ ಅದನ್ನು ತೆರೆಯಬಲ್ಲ ಸಾಧನವನ್ನು ಹುಡುಕಿ. ವಾಹನಕ್ಕೆ ರಸ್ತೆಗಳನ್ನು ಒಂದಕ್ಕೊಂದು ಜೋಡಿಸಿ ದಾರಿ ಲೆಕ್ಕ ಹಾಕಬಲ್ಲ ನಕ್ಷೆ ಬೇಕು. ಸುಂದರವಾಗಿ ಕಾಣುವ ಸ್ಕ್ಯಾನ್ ಮಾಡಿದ ನಕ್ಷೆ ಚಿತ್ರ ಮಾತ್ರ. ಅದರ ಮೇಲೆ ನೀವಿರುವ ಜಾಗ ಕಾಣುತ್ತದೆ, ತಿರುವಿನ ಸೂಚನೆ ಬರುವುದಿಲ್ಲ.

ಉಚಿತ ಮ್ಯಾಪ್ ಹಾಕಿಕೊಳ್ಳಬಹುದೇ? ಅದನ್ನು ನಂಬಬಹುದೇ?

ಹಾಕಿಕೊಳ್ಳಬಹುದು. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಜಾಗತಿಕ ನಕ್ಷೆಯನ್ನು ಸ್ವಯಂಸೇವಕರು ಕಟ್ಟುತ್ತ ಬಂದಿದ್ದಾರೆ. ಅದರ ಮಾಹಿತಿಯನ್ನು ಕೈ ಜಿಪಿಎಸ್‌ಗೆ ಒಗ್ಗುವ ಕಡತವಾಗಿ ಪರಿವರ್ತಿಸಿ ಕೊಡುವ ತಾಣಗಳಿವೆ. ಕಡತವನ್ನು ಇಳಿಸಿಕೊಂಡು ಮೆಮೊರಿ ಕಾರ್ಡಿನ ನಿಗದಿತ ಫೋಲ್ಡರಿನಲ್ಲಿಟ್ಟರೆ ಮುಗಿಯಿತು. ಎಷ್ಟೋ ಕಡೆ ಕಾಲುದಾರಿ ಮತ್ತು ಎತ್ತಿನ ಗಾಡಿ ಜಾಡುಗಳ ವಿಷಯದಲ್ಲಿ ಇದು ಮಾರಾಟದ ನಕ್ಷೆಗಳಿಗಿಂತ ಸಮೃದ್ಧವಾಗಿರುತ್ತದೆ. ಆ ದಾರಿಯಲ್ಲಿ ನಡೆದವರೇ ಅದನ್ನು ಬರೆದಿರುವುದು ಇದಕ್ಕೆ ಕಾರಣ, ಮತ್ತು ಅವರ ಶ್ರಮಕ್ಕೆ ನಾವೆಲ್ಲ ಋಣಿಗಳು.

ನಂಬಿಕೆಯ ಪ್ರಶ್ನೆಗೆ ಉತ್ತರ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ಆಸಕ್ತರು ಹೆಚ್ಚಿರುವ ಕಡೆ ಪ್ರತಿ ಗೇಟೂ ದಾಖಲಾಗಿರುತ್ತದೆ. ಯಾರೂ ಹೋಗದ ಕಡೆ ಉಪಗ್ರಹ ಚಿತ್ರವನ್ನು ನೋಡಿ ಎಳೆದ ಗೆರೆ ಮಾತ್ರ ಇರುತ್ತದೆ, ಆ ಗೆರೆ ಒಣಗಿದ ಹಳ್ಳವೂ ಆಗಿರಬಹುದು. ಇಂಥ ನಕ್ಷೆಗಳ ಕಾಂಟೂರ್ ರೇಖೆಗಳು ಬಹಳಷ್ಟು ಕಡೆ ನಾಸಾ 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಬಳಸಿ ಅಳೆದ ಎತ್ತರಗಳಿಂದ ಬಂದವು. ಆ ಅಳತೆಯ ಬಿಂದುಗಳ ನಡುವೆ ಸುಮಾರು 30 ಮೀಟರ್ ಅಂತರವಿದೆ. ಇಷ್ಟು ಅಂತರದೊಳಗೆ ಕಡಿದಾದ ಬಂಡೆಯ ಅಂಚೊಂದು ನಯವಾದ ಇಳಿಜಾರಿನಂತೆ ಕಾಣಿಸಿಬಿಡಬಹುದು.

ವೇಪಾಯಿಂಟ್, ರೂಟ್, ಟ್ರ್ಯಾಕ್ ಇವುಗಳಲ್ಲಿ ನನಗೆ ಯಾವುದು ಬೇಕು?

ವೇಪಾಯಿಂಟ್ ಎಂದರೆ ಹೆಸರಿಟ್ಟು ಉಳಿಸಿಕೊಂಡ ಒಂದು ಜಾಗ: ವಾಹನ ನಿಲ್ಲಿಸಿದ ಸ್ಥಳ, ನೀರಿನ ಒರತೆ, ಕವಲು. ರೂಟ್ ಎಂದರೆ ಕೆಲವು ಜಾಗಗಳನ್ನು ಜೋಡಿಸಿ ಸಾಧನವೇ ನಕ್ಷೆಯ ಮೇಲೆ ಲೆಕ್ಕ ಹಾಕುವ ದಾರಿ. ಟ್ರ್ಯಾಕ್ ಎಂದರೆ ಯಾರೋ ನಿಜವಾಗಿ ಸಾಗಿದಾಗ ಬಿಂದು ಬಿಂದುವಾಗಿ ದಾಖಲಾದ ಜಾಡು. ಪಕ್ಕಾ ರಸ್ತೆಗೆ ರೂಟ್ ಸರಿ. ರಸ್ತೆಯಿಲ್ಲದ ಕಡೆ ಟ್ರ್ಯಾಕನ್ನೇ ನೆಚ್ಚಿಕೊಳ್ಳಿ, ಏಕೆಂದರೆ ಒಂದೇ ರೂಟನ್ನು ಎರಡು ಸಾಧನಗಳು ತಮ್ಮ ತಮ್ಮ ನಕ್ಷೆಗೆ ತಕ್ಕಂತೆ ಎರಡು ರೀತಿಯಲ್ಲಿ ಬಿಡಿಸಿಕೊಳ್ಳುತ್ತವೆ, ಟ್ರ್ಯಾಕನ್ನು ಹಾಗೆ ಬದಲಿಸಲಾರವು. ಮೂರನ್ನೂ ಜಿಪಿಎಕ್ಸ್ ಎಂಬ ಕಡತ ರೂಪದಲ್ಲಿ ಹಂಚಿಕೊಳ್ಳಬಹುದು. ಇದನ್ನು ಬಹುತೇಕ ಎಲ್ಲ ಕಂಪನಿಗಳ ಸಾಧನಗಳೂ ಫೋನಿನ ಆ್ಯಪ್‌ಗಳೂ ಓದುತ್ತವೆ.

## ವಾಹನದಲ್ಲಿ ಬಳಸುವಾಗ

ಎಲ್ಲಿ ಕೂರಿಸಬೇಕು, ಚಾರ್ಜಿಂಗ್ ಹೇಗೆ?

ಕಣ್ಣನ್ನು ರಸ್ತೆಯಿಂದ ಹೆಚ್ಚು ಇಳಿಸದೆ ನೋಡಬಹುದಾದ, ಆದರೆ ನೋಟಕ್ಕೆ ಅಡ್ಡ ಬರದ, ಏರ್‌ಬ್ಯಾಗ್ ಉಬ್ಬುವ ಹಾದಿಯಲ್ಲಿಲ್ಲದ ಜಾಗ ಬೇಕು. ಗಾಜಿಗೆ ಅಂಟುವ ರಬ್ಬರ್ ಬಟ್ಟಲು ಡಾಂಬರಿನ ಮೇಲೆ ಸಾಕು. ಕಲ್ಲುದಾರಿಯ ಕುಲುಕಾಟಕ್ಕೆ ಬೋಲ್ಟ್ ಹಾಕಿ ಬಿಗಿದ, ಗುಂಡು ಕೀಲಿನ ಹಿಡಿಕೆ ಬೇಕು. ಮುಂಗಾಜಿನ ಒಳಗೆ ಲೋಹದ ಪದರವಿರುವ ವಾಹನಗಳಲ್ಲಿ ಸಂಕೇತ ಕುಗ್ಗುತ್ತದೆ, ಅಲ್ಲಿ ಸಾಧನವನ್ನು ಪಕ್ಕದ ಕಿಟಕಿಯ ಹತ್ತಿರ ಇಟ್ಟು ಪರೀಕ್ಷಿಸಿ. ಮೇಲೆ ದಪ್ಪ ಕಡ್ಡಿಯಂತೆ ಆಂಟೆನಾ ಚಾಚಿರುವ ಮಾದರಿಯನ್ನು ನೆಟ್ಟಗೆ ನಿಲ್ಲಿಸಬೇಕು. ಚಪ್ಪಟೆ ಆಂಟೆನಾದ್ದನ್ನು ಆಕಾಶಕ್ಕೆ ಮುಖಮಾಡಿ ಒರಗಿಸಬೇಕು.

ವಿದ್ಯುತ್ತಿಗೆ ವಾಹನದ 12 ವೋಲ್ಟ್ ಸಾಕೆಟ್ಟಿನಿಂದ ಯುಎಸ್‌ಬಿ ಅಡಾಪ್ಟರ್ ಬಳಸಿ. ಯುಎಸ್‌ಬಿ ಚುಚ್ಚಿದ ಕೂಡಲೇ ಕಂಪ್ಯೂಟರಿಗೆ ಜೋಡಿಸಿದೆಯೆಂದು ತಿಳಿದು ನಕ್ಷೆಯನ್ನು ಮುಚ್ಚಿಬಿಡುವ ಸಾಧನಗಳಿವೆ. ವಿದ್ಯುತ್ತನ್ನಷ್ಟೇ ಸಾಗಿಸುವ ಕೇಬಲ್ ಬಳಸಿದರೆ ಈ ಗೊಂದಲ ಇರುವುದಿಲ್ಲ. ಬಿಸಿಲಿನಲ್ಲಿ ನಿಲ್ಲಿಸಿದ ವಾಹನದ ಡ್ಯಾಷ್‌ಬೋರ್ಡಿನ ಮೇಲೆ ಸಾಧನವನ್ನು ಬಿಟ್ಟುಹೋಗಬೇಡಿ. ಲಿಥಿಯಂ ಬ್ಯಾಟರಿಯ ಆಯುಷ್ಯವನ್ನು ಆ ಬಿಸಿ ತಿಂದುಹಾಕುತ್ತದೆ.

ರಸ್ತೆ ಬಿಟ್ಟು ಇಳಿದರೂ ಬಾಣ ರಸ್ತೆಯ ಮೇಲೇ ಅಂಟಿಕೊಂಡಿರುತ್ತದೆ, ಯಾಕೆ?

ರಸ್ತೆಗೆ ಅಂಟಿಸುವ ಸೆಟ್ಟಿಂಗ್ ಚಾಲೂ ಇರುವುದರಿಂದ. ನಗರದಲ್ಲಿ ಕೆಲವು ಮೀಟರಿನ ದೋಷವನ್ನು ಮರೆಮಾಚಲು ಇದು ಉಪಯುಕ್ತ. ಹೊರಗೆ ಅಪಾಯಕಾರಿ, ಏಕೆಂದರೆ ನೀವು ಪಕ್ಕದ ಜಾಡಿನಲ್ಲಿ ಸಾಗುತ್ತಿದ್ದರೂ ಸರಿದಾರಿಯಲ್ಲೇ ಇದ್ದೀರಿ ಎಂದು ತೋರಿಸುತ್ತದೆ. ಡಾಂಬರು ಬಿಡುವಾಗ ಇದನ್ನು ಆರಿಸಿ. ದಾರಿ ತಪ್ಪಿದಾಗ ತಾನಾಗಿ ಹೊಸ ದಾರಿ ಲೆಕ್ಕ ಹಾಕುವ ಸೌಲಭ್ಯವನ್ನೂ ನಿಮ್ಮನ್ನು ಕೇಳಿದ ಮೇಲಷ್ಟೇ ದಾರಿ ಬದಲಿಸುವಂತೆ ಹೊಂದಿಸಿ. ಅತಿ ಹತ್ತಿರದ ದಾರಿ ಎಂಬ ಆಯ್ಕೆಯನ್ನು ಅಪರಿಚಿತ ಪ್ರದೇಶದಲ್ಲಿ ಬಳಸಲೇಬೇಡಿ. ಅದು ಕಿಲೋಮೀಟರ್ ಎಣಿಸುತ್ತದೆ, ಹಳ್ಳದಲ್ಲಿ ನೀರು ಎಷ್ಟಿದೆಯೆಂದು ನೋಡುವುದಿಲ್ಲ. ಅಮೆರಿಕದ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದ ಆಡಳಿತ ಜಿಪಿಎಸ್ ಸೂಚನೆಯನ್ನಷ್ಟೇ ನಂಬಿ ಬರಬೇಡಿ ಎಂದು ಪ್ರವಾಸಿಗರನ್ನು ಎಚ್ಚರಿಸುತ್ತದೆ.

ಕಾರಿನ ಮೀಟರಿಗಿಂತ ಜಿಪಿಎಸ್ ಕಡಿಮೆ ವೇಗ ತೋರಿಸುತ್ತದೆ, ಯಾವುದು ಸರಿ?

ಸಮನಾದ ವೇಗದಲ್ಲಿ ನೇರ ರಸ್ತೆಯಲ್ಲಿ ಸಾಗುವಾಗ ಜಿಪಿಎಸ್ ಹೆಚ್ಚು ಸರಿ. ವಾಹನದ ಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದೆಂದು ವಿಶ್ವಸಂಸ್ಥೆಯ ವಾಹನ ನಿಯಮ ಹೇಳುವುದರಿಂದ ತಯಾರಕರು ಅದನ್ನು ಸ್ವಲ್ಪ ಹೆಚ್ಚಿಗೇ ಹೊಂದಿಸಿರುತ್ತಾರೆ.

## ಇನ್ನಷ್ಟು ಆಳಕ್ಕೆ ಹೋಗುವವರಿಗೆ

ಗೆಳೆಯರು ಕೊಟ್ಟ ಅಕ್ಷಾಂಶ ರೇಖಾಂಶ ಹಾಕಿದರೆ ಬೇರೆಲ್ಲೋ ತೋರಿಸುತ್ತದೆ, ತಪ್ಪು ಎಲ್ಲಿದೆ?

ಮೊದಲು ಬರೆಯುವ ರೂಪ ನೋಡಿ. 40 ಡಿಗ್ರಿ 30.5 ನಿಮಿಷ ಎಂಬುದನ್ನು 40.305 ಡಿಗ್ರಿ ಎಂದು ತುಂಬಿಸಿದರೆ ಸುಮಾರು 22 ಕಿ.ಮೀ. ತಪ್ಪಾಗುತ್ತದೆ, ಅದನ್ನೇ 40 ಡಿಗ್ರಿ 30 ನಿಮಿಷ 50 ಸೆಕೆಂಡು ಎಂದು ಓದಿಕೊಂಡರೆ 600 ಮೀಟರಿಗೂ ಹೆಚ್ಚು ಸರಿಯುತ್ತದೆ. ಕೊಡುವವರೂ ಹಾಕುವವರೂ ಒಂದೇ ರೂಪವನ್ನು ಒಪ್ಪಿಕೊಳ್ಳಬೇಕು. ದಶಾಂಶ ಡಿಗ್ರಿಯಲ್ಲಿ ಐದು ಸ್ಥಾನ ಬರೆದರೆ ಸುಮಾರು ಒಂದು ಮೀಟರಿನ ಸೂಕ್ಷ್ಮತೆ ಸಿಗುತ್ತದೆ, ಅದಕ್ಕಿಂತ ಹೆಚ್ಚಿನ ಅಂಕಿಗಳಿಂದ ಪ್ರಯೋಜನವಿಲ್ಲ.

ರೂಪ ಸರಿಯಾಗಿದ್ದೂ ನೂರಿನ್ನೂರು ಮೀಟರ್ ಒಂದೇ ದಿಕ್ಕಿಗೆ ಸರಿದಿದ್ದರೆ ತಪ್ಪು ಡೇಟಮ್‌ನಲ್ಲಿದೆ. ಭೂಮಿಯ ಆಕಾರವನ್ನು ಗಣಿತದಲ್ಲಿ ಹೇಗೆ ಊಹಿಸಿಕೊಂಡು ಅಳತೆಯನ್ನು ಎಲ್ಲಿಂದ ಆರಂಭಿಸಿದ್ದಾರೆ ಎಂಬುದೇ ಡೇಟಮ್. ಜಿಪಿಎಸ್ ಬಳಸುವುದು ಡಬ್ಲ್ಯೂಜಿಎಸ್84. ಹಳೆಯ ಮುದ್ರಿತ ನಕ್ಷೆಗಳು ತಮ್ಮ ತಮ್ಮ ದೇಶಗಳ ಹಳೆಯ ಆಧಾರಗಳನ್ನು ಬಳಸಿರುತ್ತವೆ. ನಕ್ಷೆಯ ಅಂಚಿನಲ್ಲಿ ಅಚ್ಚಾಗಿರುವ ಡೇಟಮ್ ಹೆಸರನ್ನು ಸಾಧನದಲ್ಲಿ ಆರಿಸಿಕೊಂಡು ಓದಿ, ಕೆಲಸ ಮುಗಿದ ಮೇಲೆ ಮೂಲ ಸೆಟ್ಟಿಂಗಿಗೆ ಮರಳಿಸಿ.

ಜಾಡನ್ನು ಎಷ್ಟು ಸೆಕೆಂಡಿಗೊಮ್ಮೆ ದಾಖಲಿಸಬೇಕು?

ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತೀರಿ, ನಡೆಯುವಾಗ ಒಂದೂವರೆ ಮೀಟರೂ ಇಲ್ಲ. ಆದ್ದರಿಂದ ವಾಹನಕ್ಕೆ ಒಂದು ಸೆಕೆಂಡಿನ ಅಂತರ ಒಗ್ಗುತ್ತದೆ. ನಡೆಯುವವರಿಗೆ ಅದೇ ಅಂತರ ಇಟ್ಟರೆ ಉಪಗ್ರಹದ ದೋಷವೇ ಹೆಜ್ಜೆಗಿಂತ ದೊಡ್ಡದಾಗಿ ಜಾಡು ನಡುಗಿದಂತೆ ಕಾಣುತ್ತದೆ, ಒಟ್ಟು ದೂರವೂ ಹೆಚ್ಚಾಗುತ್ತದೆ. ಅವರಿಗೆ ಐದರಿಂದ ಹತ್ತು ಸೆಕೆಂಡು ಸಾಕು. ಸಾಧನದ ಮೆಮೊರಿಯ ಮಿತಿಯನ್ನೂ ಗಮನಿಸಿ. 10,000 ಬಿಂದುಗಳ ಮಿತಿಯಿರುವ ಸಾಧನ ಸೆಕೆಂಡಿಗೊಂದರಂತೆ ಮೂರು ಗಂಟೆಯೊಳಗೆ ತುಂಬುತ್ತದೆ. ಆಮೇಲೆ ಹಳೆಯದನ್ನು ಅಳಿಸುತ್ತ ಹೋಗುವಂತೆ ಹೊಂದಿಸಿದ್ದರೆ, ಮರಳಿ ಹೋಗಲು ಅತಿ ಮುಖ್ಯವಾದ ಮೊದಲ ಭಾಗವೇ ಅಳಿಸಿಹೋಗುತ್ತದೆ. ತುಂಬಿದಾಗ ತಾನಾಗಿ ಬೇರೆ ಕಡತಕ್ಕೆ ಉಳಿಸುವ ಆಯ್ಕೆಯನ್ನು ಹೊರಡುವ ಮುಂಚೆಯೇ ಚಾಲೂ ಮಾಡಿ.

ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವನ್ನೇ ಕೊಂಡುಬಿಡಲೇ?

ಒಂಟಿಯಾಗಿ, ನೆಟ್‌ವರ್ಕ್ ಇಲ್ಲದ ಕಡೆ ದಿನಗಟ್ಟಲೆ ಇರುವವರು ಖಂಡಿತ ಯೋಚಿಸಬೇಕು. ಗಾರ್ಮಿನ್‌ನ ಇನ್‌ರೀಚ್ ಮಾದರಿಗಳು 66 ಉಪಗ್ರಹಗಳ ಇರಿಡಿಯಂ ಜಾಲದ ಮೂಲಕ ಎರಡೂ ಕಡೆಯ ಸಂದೇಶ ಮತ್ತು ತುರ್ತು ಕರೆ ಕಳಿಸುತ್ತವೆ. ಇವಕ್ಕೆ ಚಂದಾ ಕಟ್ಟುತ್ತಿರಬೇಕು. ತುರ್ತು ಕರೆ ಮಾತ್ರ ಸಾಕೆಂದರೆ 406 ಮೆಗಾಹರ್ಟ್ಸ್‌ನ ವೈಯಕ್ತಿಕ ಬೀಕನ್ ಇದೆ. ಅದಕ್ಕೆ ಚಂದಾ ಇಲ್ಲ, ಆದರೆ ನೋಂದಣಿ ಬೇಕು. ಒಮ್ಮೆ ಚಾಲೂ ಮಾಡಿದರೆ ಕಾಸ್ಪಾಸ್ ಸಾರ್ಸಾಟ್ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಗೆ ಕನಿಷ್ಠ 24 ಗಂಟೆ ಸಂಕೇತ ಕಳಿಸುತ್ತಿರುತ್ತದೆ. ಉಪಗ್ರಹಕ್ಕೆ ಸಂಕೇತ ಕಳಿಸುವ ಸಾಧನಗಳನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಕೆಲವು ದೇಶಗಳಲ್ಲಿ ಅಪರಾಧ. ಗಡಿ ದಾಟುವ ಮುಂಚೆ ಆ ದೇಶದ ನಿಯಮವನ್ನು ಓದಿಕೊಳ್ಳಿ. ಕೇಳಿಸಿಕೊಳ್ಳುವುದಷ್ಟೇ ಕೆಲಸವಾದ ಸಾಮಾನ್ಯ ಕೈ ಜಿಪಿಎಸ್ ಈ ವರ್ಗಕ್ಕೆ ಸೇರುವುದಿಲ್ಲ.

ಸಾಧನ ಕೈಕೊಟ್ಟರೆ ಏನು ಮಾಡಬೇಕು?

ಸಾಧನ ಕೆಡದಿದ್ದರೂ ಸಂಕೇತ ಸಿಗದೇ ಹೋಗಬಹುದು. ಇಷ್ಟು ದೂರದಿಂದ ಬರುವ ಸಂಕೇತ ಬಹಳ ಕ್ಷೀಣವಾಗಿರುವುದರಿಂದ ಅದನ್ನು ಅಡಗಿಸುವುದು ಸುಲಭ; ಸಂಘರ್ಷವಿರುವ ಪ್ರದೇಶಗಳ ಸುತ್ತಮುತ್ತ ಬೇಕೆಂದೇ ಅಡಗಿಸುವ, ಸುಳ್ಳು ಸಂಕೇತ ಬಿತ್ತುವ ಉದಾಹರಣೆಗಳೂ ಇವೆ. ಆ ಪ್ರದೇಶದ ಮುದ್ರಿತ ನಕ್ಷೆ, ಕಾಂತದ ದಿಕ್ಸೂಚಿ, ಒಂದು ಪೆನ್ಸಿಲ್ ಜೊತೆಗಿರಲಿ. ಯುಟಿಎಂ ಚೌಕಗಳಿರುವ ನಕ್ಷೆಯನ್ನು ಆರಿಸಿಕೊಂಡು ಸಾಧನವನ್ನೂ ಅದೇ ರೂಪಕ್ಕೆ ಹೊಂದಿಸಿ. ಆ ಪದ್ಧತಿಯಲ್ಲಿ ಭೂಮಿಯನ್ನು 60 ವಲಯಗಳಾಗಿ ಹಂಚಿ ದೂರವನ್ನು ಮೀಟರಿನಲ್ಲೇ ಹೇಳುವುದರಿಂದ, ಪರದೆಯ ಅಂಕಿಯನ್ನು ಕಾಗದದ ಮೇಲೆ ಅಳತೆಪಟ್ಟಿಯಿಂದ ನೇರವಾಗಿ ಗುರುತಿಸಬಹುದು. ಪ್ರತಿ ನಿಲುಗಡೆಯಲ್ಲೂ ನೀವಿರುವ ಜಾಗವನ್ನೂ ಸಮಯವನ್ನೂ ನಕ್ಷೆಯ ಮೇಲೆ ಪೆನ್ಸಿಲಿನಿಂದ ಬರೆದಿಡಿ. ಪರದೆ ಆರಿಹೋದಾಗ ಕೊನೆಯ ಗುರುತಿನಿಂದ ದಿಕ್ಕು ಮತ್ತು ಕಳೆದ ಹೊತ್ತನ್ನು ಲೆಕ್ಕ ಹಾಕಿ ಎಲ್ಲಿದ್ದೀರೆಂದು ಅಂದಾಜು ಮಾಡಬಹುದು.